ಬಾಟಲಿಯೊಳಗಿನ ಉಸಿರುಬೇರು

ಫೆಬ್ರವರಿ 11

ಅತ್ತಿಗೆ,

ಕಾಗದ ನೋಡಿ ಗಾಬರಿ ಬೀಳಬೇಡಿ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಣ್ಣನ ಫೋನ್ ಬಾವಿಗೆ ಬಿದ್ದ ಮೇಲೆ ನಿಮ್ಮಿಬ್ಬರನ್ನ ಹಿಡಿಯೋಕೆ ನನಗೆ ಉಳಿದಿರೋದು ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೌಂಟರ್ ಒಂದೇ.

ನೇರ ವಿಷಯಕ್ಕೆ ಬರ್ತೀನಿ. ನಮ್ಮ ಲ್ಯಾಬಿಗೆ ಈ ವರ್ಷ ಉಸಿರುಬೇರನ್ನ ಉಳಿಸೋ ಕೆಲಸ ಬಂದಿದೆ. ಮುಗೀತಾ ಬಂದಿರೋ ಔಷಧಿ ಗಿಡಗಳ ಪಟ್ಟಿಯಲ್ಲಿ ಅದು ಮೇಲುಗಡೆಯೇ ಇದೆಯಂತೆ. ಮೊನ್ನೆ ಮೀಟಿಂಗಲ್ಲಿ ದೊಡ್ಡ ಮೇಡಂ, "ಈ ಗಿಡ ಎಲ್ಲಿದೆ ಅಂತ ಯಾರಿಗಾದರೂ ಗೊತ್ತಾ?" ಅಂದರು. ಓದಿ ಓದಿ ಕನ್ನಡಕ ಹಾಕಿಕೊಂಡೋರೆಲ್ಲ ಮುಖ ಮುಖ ನೋಡಿಕೊಂಡರು. ಬಾಟಲಿ ತೊಳೆಯೋ ಕೆಲಸಕ್ಕೆ ಸೇರಿ ಹನ್ನೆರಡು ವರ್ಷಕ್ಕೆ ಟೆಕ್ನೀಷಿಯನ್ ಆದ ನಾನು ಎದ್ದು ನಿಂತು, "ನಮ್ಮತ್ತಿಗೆಗೆ ಗೊತ್ತು ಮೇಡಂ. ಇಪ್ಪತ್ತು ವರ್ಷದಿಂದ ಅಗೀತಿದ್ದಾರೆ" ಅಂದೆ. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಸ್ವಲ್ಪ ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ನಾವು ಮಾಡೋದಕ್ಕೆ ಟಿಶ್ಯೂ ಕಲ್ಚರ್ ಅಂತಾರೆ. ಚಿಗುರಿನ ತುದಿಯನ್ನ ಕಾಳಿನಷ್ಟು ಕತ್ತರಿಸಿ, ಬ್ಲೀಚಿಂಗ್ ನೀರಲ್ಲಿ ತೊಳೆದು, ಬಾಟಲಿಯೊಳಗೆ ಸಕ್ಕರೆ, ಲವಣ, ಬೆಳೆಯೋಕೆ ಬೇಕಾದ ಔಷಧಿ ಸೇರಿಸಿ ಹೆಪ್ಪುಗಟ್ಟಿಸಿದ ಜೆಲ್ಲಿ ಮೇಲೆ ಕೂರಿಸೋದು. ಮಣ್ಣಿಲ್ಲ, ಬಿಸಿಲಿಲ್ಲ, ಬರೀ ಟ್ಯೂಬ್‌ಲೈಟ್. ಅದು ಬುಡದಿಂದ ಮೂರೋ ನಾಲ್ಕೋ ಮರಿ ಒಡೆಯುತ್ತೆ. ಅವನ್ನ ಬಿಡಿಸಿ ಬೇರೆ ಬೇರೆ ಬಾಟಲಿಗೆ ಹಾಕಿದರೆ ಮುಂದಿನ ತಿಂಗಳು ಹನ್ನೆರಡು.

ನನಗೆ ಆರು ಒಳ್ಳೇ ಚಿಗುರು ಕಳಿಸಿ. ಒದ್ದೆ ಪಾಚಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದರೆ ಸಾಕು. ಒಂದಕ್ಕೆ ಸಾವಿರ ವಾಪಸ್ ಕೊಡ್ತೀನಿ. ಆಮೇಲೆ ನೀವು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತೋದು ಬೇಡ, ಹಿತ್ತಿಲಲ್ಲೇ ಅಗೀಬಹುದು.

ಅಣ್ಣನ ಕೆಮ್ಮು ಹೇಗಿದೆ? ಕಲ್ಲಿನ ಕ್ವಾರಿ ಬಿಟ್ಟು ಎರಡು ವರ್ಷ ಆಯ್ತಲ್ಲ, ಎದೆಯೊಳಗಿನ ಧೂಳು ಇಷ್ಟೊತ್ತಿಗೆ ಇಳಿದಿರಬೇಕು.

ನಿಮ್ಮ ನಾದಿನಿ, ಕಡ್ಡಿ


ಫೆಬ್ರವರಿ 26

ಕಡ್ಡೀ,

ನಿನ್ನ ಕಾಗದವನ್ನ ನಿಮ್ಮಣ್ಣ ಮೂರು ಸಲ ಓದಿಸಿದರು. "ಎಲ್ಲರೂ ತಿರುಗಿ ನೋಡಿದರು" ಅನ್ನೋ ಕಡೆ ಬಂದಾಗಲೆಲ್ಲ ಕೈ ಎತ್ತಿ ನಿಲ್ಲಿಸಿ, "ಇನ್ನೊಂದು ಸಲ ಓದು" ಅನ್ನೋದು. ಆಚೆ ಮನೆಯವರನ್ನೂ ಕರೆದು ಕೇಳಿಸಿದರು. ನಮ್ಮ ಮನೇಲಿ ನಿನ್ನ ಹೆಸರು ಈಗ ಸೈಂಟಿಸ್ಟ್ ಕಡ್ಡಿ.

ಆರು ಚಿಗುರು ಇಟ್ಟಿದೀನಿ. ಬಿಸ್ಕತ್ತಿನ ಡಬ್ಬಿ, ಮುಚ್ಚಳಕ್ಕೆ ಮೊಳೆಯಲ್ಲಿ ತೂತು ಮಾಡಿದ್ದು ಇವರು. "ಉಸಿರುಬೇರಿಗೇ ಉಸಿರು ಕಟ್ಟಿಬಿಟ್ಟರೆ?" ಅಂದರು. ಗಿಡ ಎಲ್ಲಾದರೂ ಮುಗಿದಿರಲಿ, ನಮ್ಮ ಮೇಲಿನ ಬಂಡೇಲಿ ಬೇಕಾದಷ್ಟಿದೆ. ಅದರ ಚಿಂತೆ ನಿನಗೆ ಬೇಡ. ನನ್ನ ಬಿಟ್ಟರೆ ಆ ಸಂದಿಗೆ ಕೈ ಹಾಕೋರು ಯಾರೂ ಇಲ್ಲ. ಬೇರು ಒಣಗಿಸೋ ಶೆಡ್ಡಿನ ಯಜಮಾನ ಬಂದು ಬಂದು ಕೇಳ್ತಾನೆ, ಇಲ್ಲ ಅಂತ ಕಳಿಸ್ತೀನಿ.

ಇವರಿಗೆ ಕೆಮ್ಮು ಇದೆ. ಕೆಮ್ಮಿಲ್ಲದೆ ಇವರು ಯಾವತ್ತಿದ್ದರು ಹೇಳು, ನಮ್ಮ ಮದುವೆಯಲ್ಲೂ ಕೆಮ್ಮಿದ್ದರು. ಪೇಟೆ ಡಾಕ್ಟರು ಬಾಯಿಗೆ ಹೊಡೆಯೋ ಪಂಪು ಕೊಟ್ಟಿದ್ದಾರೆ, ಅದನ್ನೂ ಹೊಡೀತಾರೆ. ಬೇರಿನ ಕಷಾಯ ದಿನಾ ಒಂದು ಲೋಟ ಕೊಡ್ತೀನಿ. ಒಂದು ಬೇರು ಒಂದು ತಿಂಗಳು ಬರುತ್ತೆ. ಡಾಕ್ಟರು, "ಅದರಿಂದ ವಾಸಿ ಆಗಲ್ಲಮ್ಮ" ಅಂದರು. ವಾಸಿ ಆಗುತ್ತೆ ಅಂತ ನಾನೆಲ್ಲಿ ಅಂದೆ? ಕುಡಿದ ದಿನ ದಿಂಬಿಗೆ ತಲೆ ಕೊಡ್ತಾರೆ, ಕುಡೀದಿದ್ದರೆ ಗೋಡೆಗೆ ಒರಗಿ ಕೂತೇ ಇರ್ತಾರೆ. ನಾನು ಕಂಡಿರೋದು ಅಷ್ಟೇ.

ಇವರು ಏನೋ ಹೇಳಬೇಕಂತೆ, ಹೇಳಿದ ಹಾಗೇ ಬರೀತೀನಿ: "ಕಡ್ಡೀ, ಬಾಟಲಿ ಗಿಡಕ್ಕೆ ಸಕ್ಕರೆ ಹಾಕ್ತೀಯಂತಲ್ಲ, ನನ್ನ ಟೀಗೆ ಹಾಕೋಕೆ ನಿಮ್ಮತ್ತಿಗೆಗೆ ಕೈ ಬರಲ್ಲ. ನನ್ನನ್ನೂ ಒಂದು ಬಾಟಲಿಗೆ ಹಾಕ್ಕೊ."

ಅತ್ತಿಗೆ


ಮಾರ್ಚ್ 15

ಅತ್ತಿಗೆ,

ಡಬ್ಬಿ ತೆಗೆದಾಗ ಚಿಗುರು ಆಗಷ್ಟೇ ಕಿತ್ತ ಹಾಗಿತ್ತು. ನಲ್ಲಿ ಕೆಳಗೆ ಒಂದು ಗಂಟೆ ಬಿಟ್ಟು, ಸೋಪಿನ ನೀರು, ಸ್ಪಿರಿಟ್ಟು, ಬ್ಲೀಚು, ಆಮೇಲೆ ಕುದಿಸಿ ಆರಿಸಿದ ನೀರು ಮೂರು ಸಲ. ಆಮೇಲೆ ಗಾಜಿನ ಪೆಟ್ಟಿಗೆ ಮುಂದೆ ಕೂತೆ. ಅದರೊಳಗಿಂದ ಸೋಸಿದ ಗಾಳಿ ನಮ್ಮ ಮುಖಕ್ಕೇ ಬೀಸುತ್ತೆ, ಒಂದು ಕಣ ಧೂಳೂ ಇರಲ್ಲ. ಅಲ್ಲಿ ಕೂತಾಗಲೆಲ್ಲ ಅಣ್ಣನ ನೆನಪಾಗುತ್ತೆ. ಅವನು ಹದಿನಾರಕ್ಕೇ ಕ್ವಾರಿ ಸೇರಿ ಕುಡಿದಿದ್ದು ಧೂಳಿನ ಗಾಳಿ, ನನ್ನನ್ನ ಓದಿಸಿ ನನಗೆ ಕೊಡಿಸಿದ್ದು ಈ ಗಾಳಿ. ಆರು ಚಿಗುರಿಂದ ಇಪ್ಪತ್ತೆರಡು ತುಂಡು ಮಾಡಿ ಇಪ್ಪತ್ತೆರಡು ಬಾಟಲಿಗೆ ಹಾಕಿದೆ.

ಕೆಲವಕ್ಕೆ ಬೂಷ್ಟು ಹಿಡೀತು. ಕಾಡಿಂದ ಬಂದ ಗಿಡಕ್ಕೆ ಇದು ಮಾಮೂಲು. ಉಳಿದಿದ್ದೆಲ್ಲ ಸರಿಯಾಗಿದೆ. ಆದರೂ ಇನ್ನೊಂದು ಹತ್ತು ಬೇಕು ಅತ್ತಿಗೆ, ಈ ಸಲ ಬೇರು ಸಮೇತ, ಇಡೀ ಗಿಡ. ಇಲ್ಲೇ ನೆರಳುಮನೆಯಲ್ಲಿ ಕುಂಡಕ್ಕೆ ಹಾಕಿಕೊಂಡರೆ ಬೇಕಾದಾಗ ಚಿಗುರು ತಗೋಬಹುದು. ಹೇಗೂ ಅಲ್ಲಿ ಬೇಕಾದಷ್ಟಿದೆ ಅಂದಿದ್ದೀರಲ್ಲ.

ಅಣ್ಣನಿಗೆ ಹೇಳಿ, ಅವನನ್ನ ಬಾಟಲಿಗೆ ಹಾಕಿದರೆ ಒಂದು ತಿಂಗಳಿಗೆ ನಾಲ್ಕಾಗ್ತಾನೆ, ನಾಲ್ಕು ಜನರ ಕೊರೆತ ನೀವು ತಡೆಯಲಾರಿರಿ ಅಂತ.

ಕಡ್ಡಿ


ಏಪ್ರಿಲ್ 2

ಕಡ್ಡಿಗೆ,

ಹತ್ತು ಗಿಡ, ಬೇರು ಸಮೇತ. ಒಂದೊಂದಕ್ಕೂ ಅದರದೇ ಮಣ್ಣನ್ನ ಬಟ್ಟೇಲಿ ಕಟ್ಟಿದೀನಿ, ಬಿಚ್ಚುವಾಗ ಎಳೀಬೇಡ, ನೆನೆಸಿ ಬಿಚ್ಚು. ನಿನಗೆ ಅಂತ ಒಳ್ಳೊಳ್ಳೇದೇ ಆರಿಸಿದೀನಿ. ಬಂಡೆ ಬಿಸಿಗೆ ಅಂಗೈ ಸ್ವಲ್ಪ ಸುಟ್ಟಿತು, ಮಂಡಿ ತರಚಿತು, ಮಿಕ್ಕಂತೆ ಏನಿಲ್ಲ. ಇವರು ಕೆಳಗೆ ನಿಂತು ಹಗ್ಗ ಹಿಡೀತೀನಿ ಅಂದರು. ಹಿಡಿದರು ಅನ್ನು. ನಾನು ಮರಕ್ಕೇ ಕಟ್ಟಿದ್ದೆ, ಅವರಿಗೆ ಹೇಳಲಿಲ್ಲ.

ಈಗ ಎಷ್ಟಾಗಿದೆ? ಬಸ್ ಬಂದು ಹೋದ ಮೇಲೆ ನಿಮ್ಮಣ್ಣಂದು ಅದೇ ಒಂದು ಪ್ರಶ್ನೆ. ಕ್ಯಾಲೆಂಡರ್ ಹಿಂದೆ ಪೆನ್ಸಿಲಲ್ಲಿ ಮಡಿ ಗೆರೆ ಹಾಕಿದ್ದಾರೆ, ಹಿತ್ತಿಲಲ್ಲಿ ಎಲ್ಲಿ ಎಷ್ಟು ಸಾಲು, ಸಾಲಿಗೆ ಎಷ್ಟು ಗಿಡ ಅಂತ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ ಹಾಗೆ ಅಂದೆ. "ಕೂಸು ಆಗಲೇ ಹುಟ್ಟಿದೆ ಕಣೇ, ಬಾಟಲಿ ಹಾಲು ಕುಡೀತಿದೆ" ಅಂತಾರೆ. ಇವರಿಗೆ ಎದುರು ಮಾತಾಡಿ ಗೆದ್ದೋರುಂಟಾ?

ಬೇಗ ಬರಿ, ಎಷ್ಟಾಗಿದೆ ಅಂತ.

ಅತ್ತಿಗೆ


ಏಪ್ರಿಲ್ 20

ಅತ್ತಿಗೆ,

ನಲವತ್ತಾಗಿದೆ ಅಂತ ಅಣ್ಣನಿಗೆ ಹೇಳಿ. ನಲವತ್ತು ಬಾಟಲಿ ಎರಡು ಶೆಲ್ಫ್ ತುಂಬಾ ಇದೆ. ಜೆಲ್ಲಿ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗ್ತಿದೆ, ಈ ಗಿಡ ಕತ್ತರಿಸಿದ ಕಡೆ ಏನೋ ರಸ ಬಿಡುತ್ತೆ. ಅದಕ್ಕೂ ದಾರಿ ಇದೆ, ಇದ್ದಿಲ ಪುಡಿ ಹಾಕ್ತಿದೀವಿ.

ಮಳೆಗೆ ಮುಂಚೆ ಇನ್ನೊಂದು ಇಪ್ಪತ್ತು ಗಿಡ ಕಳಿಸೋಕಾಗುತ್ತಾ? ದೊಡ್ಡ ಮೇಡಂ ದಿನಾ ಕೇಳ್ತಿದ್ದಾರೆ. ನಾನೇ ಎದ್ದು ನಿಂತು ಹೇಳಿದವಳು, ಈಗ ಕೂತುಕೊಳ್ಳೋ ಹಾಗಿಲ್ಲ.

ಇನ್ನೇನೂ ವಿಶೇಷ ಇಲ್ಲ. ಕೆಲಸ ಜಾಸ್ತಿ, ಅದಕ್ಕೇ ಚುಟುಕಾಗಿ ಬರೀತಿದೀನಿ.

ಕಡ್ಡಿ


ಮೇ 17

ಕಡ್ಡಿಗೆ,

ನೀನು ಇಪ್ಪತ್ತು ಕೇಳಿದ್ದೆ, ಇದರಲ್ಲಿ ಎಂಟಿದೆ. ನನ್ನ ಮಂಡಿ ಊದಿಕೊಂಡಿದೆ, ಅದಕ್ಕಿಂತ ಮೇಲೆ ಹತ್ತೋಕಾಗಲಿಲ್ಲ. ಇದರಲ್ಲೇ ಸುಧಾರಿಸಿಕೋ. ಇದನ್ನ ಹುಷಾರಾಗಿ ಇಟ್ಟುಕೋ.

ನಲವತ್ತು ಅನ್ನೋ ಮಾತು ಕೇಳಿದಾಗಿಂದ ಇವರು ಊಟದ ಹೊತ್ತಲ್ಲೂ ಅದನ್ನೇ ಹೇಳ್ತಿದ್ದಾರೆ. ಆರಾಮಾಗಿದ್ದಾರೆ. ಈ ಸಲ ಏನಾದರೂ ಬರೆಸ್ತೀರಾ ಅಂದೆ, ಎರಡು ಬೆರಳು ಎತ್ತಿ ತೋರಿಸಿದರು. ಎರಡು ಮಾತು ಅಂತ. "ಚೆನ್ನಾಗಿ ನೋಡ್ಕೊ."

ಅತ್ತಿಗೆ


ಜೂನ್ 1

ಅತ್ತಿಗೆ,

ಇದನ್ನ ಬರೆಯೋಕೆ ನನಗೆ ಮುಜುಗರ ಆಗ್ತಿದೆ. ಆದರೆ ಮನಸ್ಸಲ್ಲಿಟ್ಟುಕೊಂಡು ನಗುನಗುತ್ತಾ ಬರೆಯೋದು ನನ್ನ ಕೈಲಾಗಲ್ಲ.

ಮೊನ್ನೆ ಇಲ್ಲಿನ ಔಷಧಿ ಅಂಗಡಿ ಬೀದಿಯಲ್ಲಿ ಉಸಿರುಬೇರು ನೋಡಿದೆ. ಹಸೀ ಬೇರು, ಕಟ್ಟು ಕಟ್ಟು, ಬುಟ್ಟಿ ತುಂಬಾ. ಎಲ್ಲಿಂದ ಬಂತು ಅಂದರೆ ಅಂಗಡಿಯವನು ನಿಮ್ಮ ಕಡೆಯ ಶೆಡ್ಡಿನ ಹೆಸರೇ ಹೇಳಿದ. ನೀವು ಬರೆದಿದ್ದಿರಿ, ನನ್ನ ಬಿಟ್ಟು ಆ ಸಂದಿಗೆ ಕೈ ಹಾಕೋರಿಲ್ಲ ಅಂತ. ಹಾಗಾದರೆ ಆ ಬುಟ್ಟಿ ಯಾರದು?

ನಾನು ಇಪ್ಪತ್ತು ಕೇಳಿದರೆ ಎಂಟು ಬರುತ್ತೆ, ಮಂಡಿ ನೋವು ಅಂತೀರಿ. ಶೆಡ್ಡಿನ ಯಜಮಾನನಿಗೆ ಕೊಡೋಕೆ ಮಂಡಿ ನೋಯಲ್ವಾ? ನಾನು ಇಲ್ಲಿ ಒಂದೊಂದು ತುಂಡಿಗೂ ಉಸಿರು ಬಿಗಿ ಹಿಡಿದು ಕೂತಿದ್ದರೆ, ನೀವು ಅದನ್ನ ಕಟ್ಟು ಕಟ್ಟಿ ಮಾರ್ತಿದ್ದರೆ ಇದಕ್ಕೆಲ್ಲ ಏನರ್ಥ? ಇಪ್ಪತ್ತು ವರ್ಷ ಅಗೆದೂ ಅಗೆದೂ ಅದನ್ನ ಈ ಸ್ಥಿತಿಗೆ ತಂದೋರಲ್ಲಿ ನೀವೂ ಒಬ್ಬರು ಅನ್ನೋದನ್ನ ಮರೀಬೇಡಿ.

ಅಣ್ಣನಿಗೆ ಇದು ಗೊತ್ತಿರಲಾರದು. ಅವನಿಗೆ ಓದಿ ಹೇಳಿ. ಅವನೇ ತೀರ್ಮಾನ ಮಾಡಲಿ.

ಕಡ್ಡಿ


ಜೂನ್ 30

ಅತ್ತಿಗೆ,

ನಾಲ್ಕು ವಾರ ಆಯ್ತು, ನಿಮ್ಮಿಂದ ಒಂದು ಸಾಲಿಲ್ಲ. ಬರೆಯದೇ ಇರೋಕೆ ಕಾರಣ ಇದೆ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ನಾನು ಎರಡೂ ಮಾಡಿದೆ.

ಆ ಅಂಗಡಿಯಿಂದ ಒಂದು ಕಟ್ಟು ತಂದು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಲ್ಲಿ ನೋಡಿದೆ. ಅದು ಉಸಿರುಬೇರೇ ಅಲ್ಲ, ರಸ್ತೆ ಬದಿ ಬೆಳೆಯೋ ಯಾವುದೋ ಕಳೆ. ಬಣ್ಣ ಹಾಕಿ ಮಾರ್ತಿದ್ದಾರೆ. ನಿಮಗೆ ಅಂಥ ಕಾಗದ ಬರೆಯೋಕೆ ಮುಂಚೆ ಮಾಡಬೇಕಾಗಿದ್ದ ಹತ್ತು ನಿಮಿಷದ ಕೆಲಸ ಅದು.

ಇನ್ನೊಂದು ಇದೆ. ಇದನ್ನ ಬರೆಯೋಕೆ ಮೂರು ದಿನ ತಗೊಂಡಿದೀನಿ.

ನಲವತ್ತು ಅಂದಿದ್ದು ಸುಳ್ಳು. ಆವತ್ತು ನನ್ನ ಹತ್ರ ಒಂದೂ ಇರಲಿಲ್ಲ. ಮೊದಲ ಇಪ್ಪತ್ತೆರಡೂ ನಾಲ್ಕೇ ದಿನಕ್ಕೆ ಬೂಷ್ಟು ಹಿಡಿದು, ಬಾಟಲಿಯೊಳಗೆ ಹತ್ತಿ ತುಂಬಿದ ಹಾಗಾಗಿತ್ತು. ನಾನು "ಕೆಲವು" ಅಂತ ಬರೆದೆ. ಎರಡನೇ ಸಲ ಬ್ಲೀಚು ಜಾಸ್ತಿ ಮಾಡಿದೆ, ತುಂಡುಗಳು ಬಿಳುಚಿಕೊಂಡವು. ಕಡಿಮೆ ಮಾಡಿದೆ, ಬುಡದ ಸುತ್ತ ಹಾಲಿನ ಥರ ಲೋಳೆ ಬಂತು. ರೋಗ ಗಿಡದ ಮೈಮೇಲೆ ಇರಲಿಲ್ಲ ಅತ್ತಿಗೆ, ಒಳಗೇ ಇತ್ತು. ಎಷ್ಟು ತೊಳೆದರೇನು? ಉಳಿದಿದ್ದು ಕಪ್ಪಾಗಿ ಸತ್ತವು. ಕುಂಡಕ್ಕೆ ಹಾಕಿದ ಹತ್ತೂ ಬುಡ ಕೊಳೆತು ಬಿದ್ದವು. ಶೆಲ್ಫಲ್ಲಿ ನಲವತ್ತು ಬಾಟಲಿ ಇದ್ದಿದ್ದು ನಿಜ, ಒಂದರಲ್ಲೂ ಜೀವ ಇರಲಿಲ್ಲ. ಅಣ್ಣ ಮಡಿ ಗೆರೆ ಹಾಕಿಕೊಂಡು ಕೂತಿದ್ದಾನೆ ಅಂತ ನೀವು ಬರೆದಿದ್ದಿರಿ. ಸೊನ್ನೆ ಅಂತ ಬರೆಯೋಕೆ ಕೈ ಬರಲಿಲ್ಲ. ಆಮೇಲೆ ಒಂದು ಸುಳ್ಳು ಮುಚ್ಚೋಕೆ ಇನ್ನಷ್ಟು ಗಿಡ ಕೇಳಿದೆ.

ಈಗ ನಿಜ ಹೇಳ್ತೀನಿ. ನೀವು ಕಳಿಸಿದ ಎಂಟರಲ್ಲಿ, ಚಿಗುರಿನ ತುದಿಯ ತುದಿ, ಎಳ್ಳಿನ ಕಾಲು ಭಾಗದಷ್ಟು ಮಾತ್ರ ಮೈಕ್ರೋಸ್ಕೋಪ್ ಕೆಳಗೆ ಕತ್ತರಿಸಿ ಇಟ್ಟೆ. ಅಷ್ಟು ಎಳೆ ಭಾಗಕ್ಕೆ ರೋಗ ಇನ್ನೂ ತಲುಪಿರಲ್ಲ. ಮೂವತ್ತೊಂದು ಇಟ್ಟೆ. ಮೂವತ್ತು ಹೋದವು. ಒಂದು ಹಸಿರಾಗಿದೆ. ಐದು ವಾರದಿಂದ ದಿನಾ ನೋಡ್ತಿದೀನಿ, ಹಸಿರಾಗಿಯೇ ಇದೆ.

ಅಣ್ಣನಿಗೆ ಹೇಗೆ ಹೇಳ್ತೀರೋ ನಿಮಗೆ ಬಿಟ್ಟಿದ್ದು. ಬೈದಾದರೂ ಎರಡು ಸಾಲು ಬರೀರಿ.

ಕಡ್ಡಿ


ಜುಲೈ 22

ಕಡ್ಡಿ,

ನಿಮ್ಮಣ್ಣ ಹೋದರು. ಜೂನ್ ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆಗೆ.

ನಿನಗೆ ಯಾಕೆ ಹೇಳಿ ಕಳಿಸಲಿಲ್ಲ ಅಂತ ಕೇಳ್ತೀಯ. ಬಸ್ಸಿನ ಡ್ರೈವರು ಬಾಗಿಲಲ್ಲಿ ನಿಂತು, "ತಂಗಿಗೆ ಒಂದು ಚೀಟಿ ಕೊಡಿ, ಸಂಜೆಯೊಳಗೆ ಮುಟ್ಟಿಸ್ತೀನಿ" ಅಂದರು. ಬೇಡ ಅಂದೆ. "ಒಬ್ಬಳೇ ತಂಗಿ ಅಲ್ಲವೇನಮ್ಮ" ಅಂದರು. ಬೇಡ ಅಂದ ಮೇಲೆ ಬೇಡ ಅಂದೆ, ಕೌಂಟರಲ್ಲೂ ಬಾಯಿ ಬಿಡಬೇಡಿ ಅಂತ ಆಣೆ ಹಾಕಿಸಿಕೊಂಡೆ. ಮರೆತು ಹೋಯ್ತು, ಕೈ ಕಾಲು ಆಡಲಿಲ್ಲ ಅಂತ ಸುಳ್ಳು ಹೇಳಬಹುದಿತ್ತು. ಬೇಕು ಅಂತಲೇ ಹೇಳಲಿಲ್ಲ. ನಿನ್ನ ಆ ಕಾಗದ ಕೌಂಟರಲ್ಲೇ ಬಿದ್ದಿದ್ದು, ಎರಡು ದಿನ ಮುಂಚೆ ಕೈಗೆ ಬಂದಿತ್ತು. ನನ್ನ ಹೊಟ್ಟೆ ಉರೀತಿತ್ತು.

ಈಗ ನೀನು ನಿನ್ನ ಸುಳ್ಳು ಬಿಚ್ಚಿಟ್ಟಿದ್ದೀಯ. ನಂದೂ ಕೇಳು.

ಬೇಕಾದಷ್ಟಿದೆ ಅಂದಿದ್ದು ಸುಳ್ಳು. ಫೆಬ್ರವರಿಯಲ್ಲಿ ಆ ಬಂಡೇಲಿ ಇದ್ದಿದ್ದೇ ಇಪ್ಪತ್ತೊಂದು. ಇಪ್ಪತ್ತು ವರ್ಷ ಅಗೆದವಳು ನಾನೇ, ನೀನು ಬರೆದಿದ್ದು ಸರಿ. ನಿನಗೆ ಅದನ್ನ ಹೇಳೋಕೆ ನಾಚಿಕೆ ಆಯ್ತು. ಎರಡು ಇವರ ಕಷಾಯಕ್ಕೆ ಹೋಯ್ತು. ಹತ್ತು ನಿನಗೆ ಬಂತು. ಆಮೇಲೆ ಎಂಟು ನಿನಗೆ ಬಂತು. ಉಳಿದಿದ್ದು ಒಂದು. ಇಪ್ಪತ್ತು ಎಲ್ಲಿಂದ ತರಲಿ? ಮಂಡಿ ಮೇಲೆ ಹಾಕಿದೆ.

ಏಪ್ರಿಲ್‌ನಲ್ಲಿ ನಿನ್ನ ನಲವತ್ತರ ಕಾಗದ ಬಂದ ದಿನ ಇವರು ಕಷಾಯದ ಲೋಟ ಸರಿಸಿಬಿಟ್ಟರು. "ಬಿತ್ತೋ ಬೀಜ ತಿನ್ನೋ ಮನೆ ಉದ್ಧಾರ ಆಗುತ್ತೇನೇ? ಇರೋದೆಲ್ಲ ಅವಳಿಗೆ ಕಳಿಸು. ಒಂದು ವರ್ಷ ತಡ್ಕೊಂಡರೆ ಹಿತ್ತಿಲು ತುಂಬಾ ಇರುತ್ತೆ, ಆಗ ಕೊಡದಲ್ಲಿ ಕುಡೀತೀನಿ" ಅಂದರು. ನಾನು ಎಷ್ಟು ಹೇಳಿದರೂ ಬಾಯಿಗೆ ಹಾಕಿಕೊಳ್ಳಲಿಲ್ಲ. ಪಂಪಿನಲ್ಲೇ ತಿಂಗಳು ತಳ್ಳಿದರು. ಮೇ ಹೊತ್ತಿಗೆ ಎರಡು ಮಾತು ಒಟ್ಟಿಗೆ ಆಡೋಕೆ ಆಗ್ತಿರಲಿಲ್ಲ, ಆರಾಮಾಗಿದ್ದಾರೆ ಅಂತ ನಿನಗೆ ಬರೆದೆ. ಆಸ್ಪತ್ರೆಗೆ ಕರಕೊಂಡು ಹೋಗಿದ್ದೆ. ಡಾಕ್ಟರು ಫೋಟೋ ತೆಗೆದು ತೋರಿಸಿದರು. ಎದೆಯೆಲ್ಲ ಸುಣ್ಣ ಬಳಿದ ಹಾಗಿತ್ತು. "ಇದು ಇಳಿಯೋ ಧೂಳಲ್ಲಮ್ಮ" ಅಂದರು. ಕಷಾಯ ಕುಡಿದಿದ್ದರೂ ಹೋಗ್ತಿದ್ದರು, ನನಗೆ ಗೊತ್ತು. ಆದರೆ ದಿಂಬಿಗೆ ತಲೆ ಇಟ್ಟು ಹೋಗ್ತಿದ್ದರು.

ನಿನ್ನ ಜೂನ್ ಒಂದರ ಕಾಗದ ಬಂದಾಗ ಹೊದಿಕೆ ಸುತ್ತಿಕೊಂಡು ಗೋಡೆಗೆ ಒರಗಿ ಕೂತಿದ್ದರು. ಲಕೋಟೆ ನೋಡಿದ ತಕ್ಷಣ ಕಣ್ಣು ಅಗಲ ಆಯ್ತು. ಓದು ಅಂತ ಕೈ ಮಾಡಿದರು. ನಾನು ಮನಸ್ಸಲ್ಲೇ ಒಂದು ಸಲ ಓದಿಕೊಂಡೆ.

"ಎಷ್ಟು?" ಅಂದರು.

"ನೂರಾಗಿದೆಯಂತೆ" ಅಂದೆ.

"ಓದು."

"ಅಣ್ಣನಿಗೆ ಹೇಳಿ, ನೂರಾಗಿದೆ. ಎಲ್ಲ ಹಸಿರಾಗಿ ನಿಂತಿವೆ. ಶೆಲ್ಫಲ್ಲಿ ಜಾಗ ಸಾಲದೆ ಕಿಟಕಿಯಲ್ಲೂ ಇಟ್ಟಿದೀನಿ." ನಿನ್ನ ಹಾಗೇ ಹೇಳೋಕೆ ನೋಡಿದೆ. ನೀನು ನನ್ನನ್ನ ಕಳ್ಳಿ ಅಂದಿರೋ ಹಾಳೆ ಕೈಯಲ್ಲಿ ಹಿಡಕೊಂಡು ಅದನ್ನ ಓದಿದೆ ಕಡ್ಡೀ.

ಅವರು ತಲೆ ಆಡಿಸಿದರು. "ಎದ್ದು ನಿಂತಳಲ್ಲ" ಅಂದರು. ಮೀಟಿಂಗಲ್ಲಿ ನೀನು ಎದ್ದು ನಿಂತಿದ್ದು. ಆಮೇಲೆ ಎರಡು ದಿನ ಇದ್ದರು, ಅರ್ಥ ಆಗೋ ಹಾಗೆ ಇನ್ನೇನೂ ಮಾತಾಡಲಿಲ್ಲ.

ಇಷ್ಟೇ. ನಿನ್ನ ಒಂದು ಹಸಿರು ತುಂಡಿನ ವಿಷಯ ಓದಿದೆ.

ಅತ್ತಿಗೆ


ಜುಲೈ 29

ಅತ್ತಿಗೆ,

ಕಾಗದ ಬಂದ ದಿನವೇ ಬಟ್ಟೆ ತುಂಬಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಸೀಟಲ್ಲಿ ಕೂತೆ. ಡ್ರೈವರು ಕನ್ನಡಿಯಲ್ಲಿ ನನ್ನನ್ನ ನೋಡಿ ಮುಖ ಕೆಳಗೆ ಹಾಕಿದರು. ಬಸ್ ಹೊರಡೋ ಹೊತ್ತಿಗೆ ಇಳಿದುಬಿಟ್ಟೆ. ನೀವು ಬರಬೇಡ ಅಂದಿಲ್ಲ, ಬಾ ಅಂತಲೂ ಅಂದಿಲ್ಲ. ಯಾವ ಮುಖ ಇಟ್ಟುಕೊಂಡು ಆ ಬಾಗಿಲಲ್ಲಿ ನಿಲ್ಲಲಿ?

ವಾಪಸ್ ಲ್ಯಾಬಿಗೆ ಬಂದೆ. ಬೇರೆಲ್ಲಿ ಹೋಗಬೇಕು ಅಂತ ಗೊತ್ತಾಗಲಿಲ್ಲ. ಗಾಜಿನ ಪೆಟ್ಟಿಗೆ ಮುಂದೆ ಕೂತು ಫ್ಯಾನ್ ಹಾಕಿದೆ. ಮುಖಕ್ಕೆ ಆ ಗಾಳಿ ಬಡಿದ ಕೂಡಲೇ ಆಫ್ ಮಾಡಿ ಎದ್ದುಬಿಟ್ಟೆ.

ಬರಲಾ ಅತ್ತಿಗೆ?

ಕಡ್ಡಿ


ಮಾರ್ಚ್ 3

ಅತ್ತಿಗೆ,

ನೀವು ಉತ್ತರ ಬರೀಲಿಲ್ಲ, ನಾನು ಬರಲಿಲ್ಲ. ಏಳು ತಿಂಗಳಾಯ್ತು. ನಡುವೆ ಎರಡು ಕಾಗದ ಬರೆದು ಹರಿದು ಹಾಕಿದೆ. ಇದನ್ನ ಹರಿಯೋ ಹಾಗಿಲ್ಲ, ಕೇಳಲೇಬೇಕಾದ ಒಂದು ಮಾತಿದೆ.

ಆ ಒಂದು ಹಸಿರು ತುಂಡು ಆಗಸ್ಟಲ್ಲಿ ಮೂರಾಯ್ತು, ಸೆಪ್ಟೆಂಬರಲ್ಲಿ ಎಂಟು. ಇವತ್ತು ಬಾಟಲಿಯೊಳಗೆ ಆರುನೂರ ಹನ್ನೆರಡು ಇವೆ. ಈ ಸಂಖ್ಯೆಯನ್ನ ನಾನೇ ಎರಡು ಸಲ ಎಣಿಸಿದೀನಿ, ನನ್ನ ಜೊತೆ ಕೆಲಸ ಮಾಡೋ ಹುಡುಗಿ ಕೈಲೂ ಎಣಿಸಿದೀನಿ. ಬಾಟಲಿಯಿಂದ ಹೊರಗೆ ತೆಗೆಯೋದು ಇನ್ನೊಂದು ಗಂಡಾಂತರ. ಒಳಗೆ ಹುಟ್ಟಿ ಬೆಳೆದ ಎಲೆಗೆ ಹೊರಗಿನ ಗಾಳಿ ತಡೆಯೋ ಶಕ್ತಿ ಇರಲ್ಲ. ಮೊದಲ ಸಲ ಇನ್ನೂರು ತೆಗೆದೆ, ಎರಡೇ ದಿನಕ್ಕೆ ಬಟ್ಟೆ ಹಿಂಡಿದ ಹಾಗೆ ಬಾಡಿದವು. ಈಗ ಪ್ಲಾಸ್ಟಿಕ್ ಹೊದಿಸಿ ದಿನಕ್ಕೆ ಬೆರಳಗಲ ಸರಿಸಿ ರೂಢಿ ಮಾಡಿಸ್ತಿದೀನಿ. ನೂರ ನಲವತ್ತು ಮಣ್ಣಲ್ಲಿ ನಿಂತಿವೆ.

ದೊಡ್ಡ ಮೇಡಂ ಎಲ್ಲರ ಮುಂದೆ ಹೊಗಳಿದರು. ನಾನು ಕೂತೇ ಇದ್ದೆ.

ಈಗ ಕೇಳಬೇಕಾದ್ದು. ತುದಿ ತೆಗೆದ ಆ ತಾಯಿಗಿಡ ಅಕ್ಟೋಬರಲ್ಲಿ ಸಾಯೋಕೆ ಮುಂಚೆ ಒಂದು ಸಲ ಹೂ ಬಿಟ್ಟಿತ್ತು. ಹಸಿರು ಹೂ, ಧೂಳಿನಂಥ ಪುಡಿ ಒಂಚೂರೂ ಇರಲಿಲ್ಲ. ಗಿಡ ಬಲ್ಲವರೊಬ್ಬರಿಗೆ ತೋರಿಸಿದೆವು. ಈ ಜಾತಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ ಅಂದರು. ನನ್ನ ಹತ್ರ ಇರೋ ಏಳುನೂರ ಚಿಲ್ಲರೆಯೂ ಒಂದೇ ಹೆಣ್ಣು ಗಿಡದ ತುಂಡುಗಳು. ಇವು ಸಾವಿರ ಆಗಲಿ, ಲಕ್ಷ ಆಗಲಿ, ಒಂದು ಬೀಜ ಕಟ್ಟಲ್ಲ. ಕಾಡಿಗೆ ಹಾಕಿದರೆ ಬದುಕಿದಷ್ಟು ದಿನ ಬದುಕಿ ಮುಗೀತವೆ. ಯಾರೋ ಒಬ್ಬರು ತಿಂಗಳು ತಿಂಗಳು ಕತ್ತರಿಸಿ ಕತ್ತರಿಸಿ ಬಾಟಲಿಗೆ ಹಾಕ್ತಾನೇ ಇರಬೇಕು. ಇದನ್ನ ಮೊದಲೇ ನೋಡಬೇಕಾಗಿತ್ತು. ಬದುಕಿಸೋ ಆತುರದಲ್ಲಿ ನೋಡಲಿಲ್ಲ.

ನೀವು ಬರೆದಿದ್ದಿರಿ, ಬಂಡೇಲಿ ಒಂದು ಉಳಿದಿದೆ ಅಂತ. ಮೂರು ಕಡೆ ಹುಡುಕಿಸಿದೆವು, ಬೇರೆಲ್ಲೂ ಸಿಗಲಿಲ್ಲ. ಅದು ಹಳದಿ ಪುಡಿ ಬಿಡೋ ಗಂಡು ಗಿಡವಾ? ಕಿತ್ತು ಕಳಿಸಿ ಅಂತ ಕೇಳಲ್ಲ, ಇನ್ನು ಯಾವತ್ತೂ ಕೇಳಲ್ಲ. ಇದೆಯಾ ಅಂತ ಮಾತ್ರ ಹೇಳಿ. ನಾನೇ ಅಲ್ಲಿಗೆ ಬಂದು ಒಂದೇ ಒಂದು ಚಿಗುರು ತಗೊಂಡು ಹೋಗ್ತೀನಿ.

ಕಡ್ಡಿ


ಮಾರ್ಚ್ 27

ಕಡ್ಡಿಗೆ,

ಗಂಡು ಗಿಡ ಹೆಣ್ಣು ಗಿಡ ಅನ್ನೋದು ನನಗೆ ಗೊತ್ತಿರಲಿಲ್ಲ. ದಪ್ಪ ಬೇರಿನದು, ಸಣಕಲು ಬೇರಿನದು ಅಂತ ಗೊತ್ತಿತ್ತು. ಸಣಕಲು ಬೇರಿನದೇ ಹಳದಿ ಹೂ ಬಿಡೋದು, ಮುಟ್ಟಿದರೆ ಬೆರಳಿಗೆ ಅಂಟುತ್ತೆ. ಶೆಡ್ಡಲ್ಲಿ ಅದನ್ನ ಯಾರೂ ತಗೊಳ್ತಿರಲಿಲ್ಲ. ನಿನಗೆ ಒಳ್ಳೇದೇ ಹೋಗಲಿ ಅಂತ ದಪ್ಪ ಬೇರಿನವನ್ನೇ ಆರಿಸಿ ಹದಿನೆಂಟೂ ಕಳಿಸಿದೆ. ಸಣಕಲಿನವು ಮೂರೇ ಇದ್ದಿದ್ದು. ಅವನ್ನ ನಮ್ಮ ಮನೆಗೆ ಅಂತ ಇಟ್ಟುಕೊಂಡಿದ್ದೆ. ಎರಡು ಇವರ ಕಷಾಯಕ್ಕೆ ಹಾಕಿದ್ದು ಅದರಲ್ಲೇ.

ಮೂರನೇದನ್ನ ಕೇಳ್ತಿದ್ದೀಯ. ಒಂದು ಉಳಿದಿತ್ತು ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದೆ. ಮುಂದಿನದನ್ನ ಬರೆಯೋಕೆ ಆಗ ಆಗಲಿಲ್ಲ.

ಜೂನ್ ಹನ್ನೊಂದಕ್ಕೆ ಇವರಿಗೆ ಉಸಿರು ಎಳೆದರೆ ಒಳಗೆ ಹೋಗ್ತಿರಲಿಲ್ಲ. ಪಂಪು ಹೊಡೆದೂ ಹೊಡೆದೂ ಖಾಲಿ ಆಗಿತ್ತು. ತುಟಿ ನೀಲಿ. ನನ್ನ ಸೆರಗು ಹಿಡಿದು ನೋಡ್ತಿದ್ದರು. ಆಚೆ ಮನೆಯವರನ್ನ ಕೂರಿಸಿ ಬಂಡೆಗೆ ಓಡಿದೆ. ಆ ದಿನ ಹಗ್ಗ ಕಟ್ಟಿಕೊಂಡಿದ್ದೆನೋ ಇಲ್ಲವೋ ನೆನಪಿಲ್ಲ. ಇದ್ದ ಒಂದನ್ನ ಬುಡ ಸಮೇತ ಕಿತ್ತೆ. ಕಿತ್ತಾಗ ಹೂ ಇತ್ತು, ಅಂಗೈಯೆಲ್ಲ ಹಳದಿ ಆಯ್ತು. ಇದೇ ಕೊನೇದು ಅಂತ ಆವತ್ತು ನನಗೆ ಚೆನ್ನಾಗಿ ಗೊತ್ತಿತ್ತು. ನಿನಗೆ ಬೇಕಾಗಬಹುದು ಅಂತಲೂ ಒಂದು ಸಲ ಅನ್ನಿಸಿತು. ಕುದಿಸಿದೆ. ಬೇರಿನದು ಅಂದರೆ ಬೇಡ ಅಂತಾರೆ ಅಂತ, ಡಾಕ್ಟರು ಕೊಟ್ಟ ಹೊಸ ಔಷಧಿ ಅಂದೆ. ಕುಡಿದರು. ಹತ್ತು ವರ್ಷ ಕುಡಿದವರಿಗೆ ರುಚಿ ಗೊತ್ತಾಗಿಲ್ಲ ಅಂತೀಯಾ? ಗೊತ್ತಾಗಿರುತ್ತೆ. ಲೋಟ ಕೆಳಗಿಟ್ಟು ನನ್ನ ಕೈ ತಟ್ಟಿದರು.

ಆ ಮಧ್ಯಾಹ್ನ ದಿಂಬಿಗೆ ತಲೆ ಇಟ್ಟು ಮಲಗಿದರು. ಮೂರು ಗಂಟೆ ನಿದ್ದೆ. ನಾನೂ ಪಕ್ಕದಲ್ಲೇ ಮಲಗಿದ್ದೆ.

ಇಡೀ ಗಿಡದ ಜಾತಿಯನ್ನೇ ಒಂದು ಮಧ್ಯಾಹ್ನಕ್ಕೆ ಕುದಿಸಿ ಹಾಕಿದಳು ಅಂತ ನಿನ್ನ ದೊಡ್ಡ ಮೇಡಂಗೆ ಹೇಳು ಬೇಕಾದರೆ. ನಾಳೆ ಅಂಥದೇ ದಿನ ಬಂದು ಅಂಥದೇ ಒಂದು ಗಿಡ ಇದ್ದರೆ ಮತ್ತೆ ಅದನ್ನೇ ಮಾಡ್ತೀನಿ. ತಪ್ಪಾಯ್ತು ಅಂತ ಬರೆಯೋಕೆ ನೋಡಿದೆ, ಸುಳ್ಳಾಗುತ್ತೆ ಅಂತ ಬಿಟ್ಟೆ. ನಮ್ಮಿಬ್ಬರ ನಡುವೆ ಈಗಾಗಲೇ ಬೇಕಾದಷ್ಟಾಗಿದೆ.

ನಿನ್ನ ಕಾಗದ ಬಂದ ಮೇಲೆ ಎರಡು ದಿನ ಬಂಡೆ ಪೂರ್ತಿ ನೋಡಿ ಬಂದೆ. ಹಿಂದುಗಡೆ ಸಂದಿಯನ್ನೂ ಬಿಡಲಿಲ್ಲ. ಇಲ್ಲ ಕಡ್ಡಿ. ಒಂದೂ ಇಲ್ಲ.

ಮಣ್ಣಲ್ಲಿ ನಿಂತಿರೋ ನೂರ ನಲವತ್ತರಲ್ಲಿ ನನಗೊಂದು ಐವತ್ತು ಕಳಿಸು. ಬೀಜ ಕಟ್ಟದಿದ್ದರೆ ಹೋಗಲಿ, ಬೇರು ಕಟ್ಟುತ್ತಲ್ಲ. ಕ್ವಾರಿಯಲ್ಲಿ ಕೆಲಸ ಮಾಡಿದೋರ ಸಾಲು ಮನೆಗಳಲ್ಲಿ ಗೋಡೆಗೆ ಒರಗಿ ಕೂತಿರೋರು ಏಳು ಜನ ಇದ್ದಾರೆ. ಒಬ್ಬನಿಗೆ ಇನ್ನೂ ಮೂವತ್ತೆರಡು. ಹೆಂಗಸರು ದಿನಾ ಬಂದು ಕೇಳ್ತಾರೆ, ಇಲ್ಲ ಅಂತ ಕಳಿಸಿ ಕಳಿಸಿ ನನಗೆ ಸಾಕಾಗಿದೆ. ಹಿತ್ತಿಲು ಅಗೆದು ಸಾಲು ಮಾಡಿಟ್ಟಿದೀನಿ. ಮುಗಿದಾಗ ಮತ್ತೆ ಕೇಳ್ತೀನಿ, ನೀನು ಮತ್ತೆ ಕತ್ತರಿಸಿ ಕಳಿಸಬೇಕು. ನೀನಿರೋವರೆಗೆ ನೀನು, ಆಮೇಲೆ ಯಾರಿಗಾದರೂ ಕಲಿಸಿಕೊಡು.

ಪಾರ್ಸೆಲ್ ಮಾಡಿ ಬಸ್ಸಿಗೇ ಹಾಕು. ನೀನು ಜೊತೆಗೆ ಬರಬೇಡ. ಕೋಪ ಅಂತಲ್ಲ. ನೀನು ನಕ್ಕರೆ ಅವರು ನಕ್ಕ ಹಾಗೇ ಇರುತ್ತೆ, ಈಗಲೇ ಅದನ್ನ ನನ್ನ ಕೈಲಿ ನೋಡೋಕಾಗಲ್ಲ. ನೋಡೋಕಾದ ದಿನ ಬಾ ಅಂತ ನಾನೇ ಬರೀತೀನಿ.

ಅತ್ತಿಗೆ